ಕಾಸರವಳ್ಳಿಯವರ ಸಿನಿಮಾ ಯಾರಿಗಾಗಿ?



ಗಿರೀಶ ಕಾಸರವಳ್ಳಿಯವರ ಹೆಸರು ಬಂದಾಗಲೆಲ್ಲ ನಮ್ಮ ಕಡೆಯ ಸುಶಿಕ್ಷಿತರು ಒಂದು ಮಾತನ್ನು ತಪ್ಪದೇ ಆಡುತ್ತಾರೆ: “ದೊಡ್ಡವರು ಸರಿ, ಆದರೆ ಅವರವು ಪ್ರಶಸ್ತಿಗಾಗಿ ತೆಗೆದ ಚಿತ್ರಗಳು, ನಮ್ಮಂಥವರಿಗಲ್ಲ.” ಈ ಮಾತು ಹೊಗಳಿಕೆಯಂತೆ ಕೇಳಿದರೂ ಮನುಷ್ಯನನ್ನು ಬಾಗಿಲ ಹೊರಗೇ ನಿಲ್ಲಿಸಿ ನಮಸ್ಕಾರ ಮಾಡಿ ಕಳಿಸುವ ರೀತಿಯದು. ನನ್ನ ಅಭಿಮತ ಇದಕ್ಕೆ ನೇರ ವಿರುದ್ಧವಾಗಿದೆ. ಕನ್ನಡದ ನಿರ್ದೇಶಕರಲ್ಲಿ ಮೋರಖಂಡಿಯಂಥ ಹಳ್ಳಿಯ ಮನುಷ್ಯನಿಗೆ ಅತ್ಯಂತ ಹತ್ತಿರದವರು ಯಾರೆಂದು ಕೇಳಿದರೆ ನಾನು ಕಾಸರವಳ್ಳಿಯವರ ಹೆಸರನ್ನೇ ಹೇಳುತ್ತೇನೆ. ಅವರ ಚಿತ್ರಗಳು ನಮ್ಮವರೆಗೆ ಬಂದು ಮುಟ್ಟಲಿಲ್ಲ ಎಂಬುದು ನಿಜ. ಆದರೆ ಮುಟ್ಟದಿರುವುದು ಬೇರೆ, ನಮ್ಮದಲ್ಲದಿರುವುದು ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದುಕೊಂಡದ್ದರಿಂದ ಆದ ನಷ್ಟ ಅವರಿಗಿಂತ ನಮಗೇ ಹೆಚ್ಚು.

ಮೊದಲು ಅವರ ಬದುಕಿನ ನಾಲ್ಕು ಸಂಗತಿಗಳನ್ನು ಹೇಳಿಬಿಡುತ್ತೇನೆ. ಕಾಸರವಳ್ಳಿಯವರು ಹುಟ್ಟಿದ್ದು 1950ರ ಡಿಸೆಂಬರ್ 3ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಅವರ ಸೋದರಮಾವ. ಓದಿದ್ದು ಮಣಿಪಾಲದಲ್ಲಿ ಔಷಧಶಾಸ್ತ್ರ. ಆ ವಿದ್ಯೆಯನ್ನೇ ಹಿಡಿದು ಕುಳಿತಿದ್ದರೆ ಯಾವುದಾದರೂ ಕಂಪನಿಯಲ್ಲಿ ನೌಕರಿ ಮಾಡಿ ನಿವೃತ್ತರಾಗಿರುತ್ತಿದ್ದರು. ಆದರೆ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ 1975ರಲ್ಲಿ ವ್ಯಾಸಂಗ ಮುಗಿಸಿದರು. ಅಲ್ಲಿ ಮಾಡಿದ ‘ಅವಶೇಷ’ ಎಂಬ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದರು. ‘ಸಂಸ್ಕಾರ’, ‘ವಂಶವೃಕ್ಷ’, ‘ಕಾಡು’ ಚಿತ್ರಗಳಿಂದ ಕನ್ನಡದಲ್ಲಿ ಹೊಸ ಅಲೆ ಎದ್ದಿದ್ದ ಕಾಲವದು. ಆ ಅಲೆಯೊಂದಿಗೆ ಬಂದ ಅನೇಕರು ಅದು ಇಳಿದಾಗ ತಾವೂ ಬೇರೆ ದಾರಿ ಹಿಡಿದರು. ಇವರು ಮಾತ್ರ ಐದು ದಶಕಗಳ ಅವಧಿಯಲ್ಲಿ ಸುಮಾರು ಹದಿನೈದು ಕಥಾಚಿತ್ರಗಳನ್ನು ಮಾಡಿ, ತಮ್ಮ ದಾರಿ ಬಿಟ್ಟು ಕದಲಲಿಲ್ಲ. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಈ ನಾಲ್ಕಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ದೊರೆಯಿತು. 2011ರಲ್ಲಿ ಪದ್ಮಶ್ರೀ ಬಂದಿತು.

ಪ್ರಶಸ್ತಿಯ ಪಟ್ಟಿಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಯಾಕೆಂದರೆ ಅವರ ಕುರಿತು ಬರೆದವರೆಲ್ಲ ಈ ಪಟ್ಟಿಯಲ್ಲೇ ಉಳಿದುಬಿಡುತ್ತಾರೆ. ಓದುಗನು ಕಮಲಗಳನ್ನು ಎಣಿಸುತ್ತಾನೆಯೇ ಹೊರತು ಚಿತ್ರದೊಳಗಿನ ಮನುಷ್ಯರನ್ನು ಕಾಣುವುದಿಲ್ಲ. ಆ ಮನುಷ್ಯರು ಯಾರು? ಪಿಂಚಣಿ ಸಿಗದ ಪುರಸಭೆಯ ಸಣ್ಣ ನೌಕರ, ಮುಳುಗುತ್ತಿರುವ ಮನೆಯನ್ನು ಕಾಯುವ ಹೆಂಗಸು, ಗಂಡನಿಂದ ಅನ್ಯಾಯಕ್ಕೊಳಗಾಗಿ ಮಸೀದಿಯ ಹಿರಿಯರ ಮುಂದೆ ನ್ಯಾಯ ಕೇಳುವ ತಾಯಿ, ಊರಿಗೊಂದು ಟಿ.ವಿ. ಬಂದು ಬದುಕು ತಲೆಕೆಳಗಾದ ಸೂಲಗಿತ್ತಿ, ಕುಣಿ ತೋಡುವವನು. ಇವರಲ್ಲಿ ಯಾರು ನಮ್ಮ ತಾಲ್ಲೂಕಿನಲ್ಲಿಲ್ಲ ಹೇಳಿ? ನಾನು ಪಾಠ ಹೇಳಿದ ಮಕ್ಕಳ ಮನೆಗಳಲ್ಲಿ ಇವರೆಲ್ಲರೂ ಇದ್ದರು.

ಇವರ ಚಿತ್ರಗಳ ಮೇಲಿರುವ ಮೊದಲನೆಯ ದೂರು, ಅವು ನಿಧಾನ ಎಂಬುದು. ‘ತಬರನ ಕಥೆ’ಯನ್ನು ಇಟ್ಟುಕೊಂಡು ಇದನ್ನು ವಿಚಾರಿಸೋಣ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಕಥೆಯದು. ತಬರಶೆಟ್ಟಿ ಸರಕಾರದ ಮೇಲೆ ದೇವರಷ್ಟು ವಿಶ್ವಾಸವಿಟ್ಟು ದುಡಿದವನು. ನಿವೃತ್ತನಾದ ಮೇಲೆ, ಕಂದಾಯ ವಸೂಲಿಯ ಲೆಕ್ಕದ ತೊಡಕೊಂದನ್ನು ಮುಂದೆ ಮಾಡಿ ಅವನ ಪಿಂಚಣಿಯನ್ನು ತಡೆಹಿಡಿಯುತ್ತಾರೆ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಾ ಹೋಗುತ್ತದೆ. ಅವನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತಾನೆ. ಕಡತ ತನ್ನ ವೇಗದಲ್ಲಿ ಚಲಿಸುತ್ತದೆ, ಗಾಯ ತನ್ನ ವೇಗದಲ್ಲಿ ಏರುತ್ತದೆ. ಗಾಯ ಮೊದಲು ಮುಟ್ಟುತ್ತದೆ. ಚಿತ್ರದ ಕಥೆಯೆಂದರೆ ಈ ಎರಡು ವೇಗಗಳ ನಡುವಿನ ಅಂತರವೇ. ಇದನ್ನು ಅವಸರದಲ್ಲಿ ಹೇಳಲು ಬರುವುದೇ? ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತು, “ಸಾಹೇಬರು ಊಟಕ್ಕೆ ಹೋಗ್ಯಾರ, ನಾಳಿ ಬರ್ರಿ” ಎಂಬ ಮಾತು ಕೇಳಿ ಬಸ್ಸು ಹತ್ತಿದವರಿಗೆ ಆ ಚಿತ್ರ ನಿಧಾನವೆಂದು ಅನ್ನಿಸಲಾರದು. ಅದು ಅವರ ಕೈಗಡಿಯಾರದ ಸಮಯವೇ ಆಗಿದೆ. ನನ್ನ ಸಹೋದ್ಯೋಗಿಗಳಲ್ಲಿ ನಿವೃತ್ತಿಯ ಕಾಗದಗಳು ಸರಿಯಾಗಲು ವರ್ಷಗಟ್ಟಲೆ ಕಾದವರಿದ್ದಾರೆ. ಸೇವಾಪುಸ್ತಕದ ಒಂದು ಸಹಿಗಾಗಿ ಬೀದರಕ್ಕೂ ಕಲಬುರಗಿಗೂ ತಿರುಗಿದ ಅವರಿಗೆ ತಬರನ ಕಥೆಯ ವಿಮರ್ಶೆಯನ್ನು ಯಾರೂ ಕಲಿಸಬೇಕಿಲ್ಲ.

ತಬರನ ಪಾತ್ರ ಮಾಡಿದ ಚಾರುಹಾಸನ್ ಅವರಿಗೆ 1986ರ ಸಾಲಿನ ಅತ್ಯುತ್ತಮ ನಟ ಪ್ರಶಸ್ತಿ ಬಂದಿತು. ಆ ಅಭಿನಯದಲ್ಲಿ ನನಗೆ ಮುಖ್ಯವಾಗಿ ತೋರುವುದು ತಬರನ ಸಿಟ್ಟಿಗಿಂತ ಅವನ ನಂಬಿಕೆ. ಸರಕಾರ ತನಗೆ ಮೋಸ ಮಾಡಲಾರದು, ಎಲ್ಲೋ ಒಬ್ಬ ಗುಮಾಸ್ತ ತಪ್ಪು ಮಾಡಿರಬೇಕು ಎಂದೇ ಅವನು ಬಹಳ ಹೊತ್ತು ತಿಳಿದಿರುತ್ತಾನೆ. ಮೋಸಕ್ಕಿಂತ ಈ ನಂಬಿಕೆ ಮುರಿದುಬೀಳುವ ನೋವೇ ದೊಡ್ಡದು. ಖಳನಾಯಕನೊಬ್ಬನನ್ನು ನಿಲ್ಲಿಸಿ ಅವನಿಗೆ ಕೊನೆಯಲ್ಲಿ ನಾಲ್ಕು ಏಟು ಹಾಕಿಸಿದ್ದರೆ ನಾವು ಚಪ್ಪಾಳೆ ತಟ್ಟಿ ಮನೆಗೆ ಬಂದು ಮಲಗುತ್ತಿದ್ದೆವು. ಇಲ್ಲಿ ಹೊಡೆಯಲು ಯಾರೂ ಸಿಗುವುದಿಲ್ಲ. ಎಲ್ಲರೂ ನಿಯಮದ ಪ್ರಕಾರವೇ ನಡೆದುಕೊಂಡಿದ್ದಾರೆ. ಆದರೂ ಒಂದು ಜೀವ ಹೋಗಿದೆ.

ಇನ್ನು ಅವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’. ಯು.ಆರ್. ಅನಂತಮೂರ್ತಿಯವರ ಕಥೆ, 1977ರ ಚಿತ್ರ, ಕಪ್ಪು ಬಿಳುಪು. ಸಂಗೀತ ಬಿ.ವಿ. ಕಾರಂತರದು, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ಆಗ ನಿರ್ದೇಶಕರ ವಯಸ್ಸು ಇಪ್ಪತ್ತೇಳರ ಆಸುಪಾಸು. ಅಗ್ರಹಾರದ ವೇದಪಾಠಶಾಲೆಗೆ ಬಂದ ನಾಣಿ ಎಂಬ ಹುಡುಗ, ಗುರುಗಳ ವಿಧವೆ ಮಗಳು ಯಮುನೆಯ ಆಸರೆಯಲ್ಲಿ ಬೆಳೆಯುತ್ತಾನೆ. ಅವಳು ಗರ್ಭಿಣಿಯಾದಾಗ ಊರು ಅವಳನ್ನು ಬದುಕಿರುವಾಗಲೇ ಸತ್ತವಳೆಂದು ಎಣಿಸಿ ಶ್ರಾದ್ಧ ಮಾಡುತ್ತದೆ. ಕೊನೆಗೆ ತಲೆ ಬೋಳಿಸಿದ ಯಮುನೆ ಮರದ ಕೆಳಗೆ ಒಬ್ಬಳೇ ಕುಳಿತಿರುತ್ತಾಳೆ. ಹುಡುಗನನ್ನು ಅವನ ತಂದೆ ಕರೆದುಕೊಂಡು ಹೊರಟಿರುತ್ತಾನೆ.

ಶಿಕ್ಷಕನಾದ ನನಗೆ ಈ ಚಿತ್ರದ ಜೊತೆಗೆ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ 1959ರಲ್ಲಿ ಮಾಡಿದ ಮೊದಲ ಕಥಾಚಿತ್ರ ನೆನಪಾಗುತ್ತದೆ. ಕನ್ನಡದಲ್ಲಿ ಅದನ್ನು ‘ನಾನೂರು ಏಟುಗಳು’ ಎನ್ನಬಹುದು. ಪ್ಯಾರಿಸ್ಸಿನ ಅಂತ್ವಾನ್ ಎಂಬ ಹುಡುಗನನ್ನು ಶಾಲೆಯಲ್ಲಿ ಮಾಸ್ತರು ದಂಡಿಸುತ್ತಾರೆ, ಮನೆಯಲ್ಲಿ ತಂದೆತಾಯಿಗೆ ಅವನು ಭಾರ, ಕಡೆಗೆ ಬಾಲಾಪರಾಧಿಗಳ ಕೇಂದ್ರಕ್ಕೆ ಸೇರಿಸುತ್ತಾರೆ. ಅವನು ಅಲ್ಲಿಂದ ಓಡಿ ಸಮುದ್ರದಂಡೆ ಮುಟ್ಟಿ, ತಿರುಗಿ ನಮ್ಮತ್ತ ನೋಡುತ್ತಾನೆ. ಪ್ಯಾರಿಸ್ ಎಲ್ಲಿ, ಮಲೆನಾಡಿನ ಅಗ್ರಹಾರವೆಲ್ಲಿ? ಆದರೆ ಎರಡೂ ಕಡೆ ದೊಡ್ಡವರ ಲೋಕವನ್ನು ತೂಗಿನೋಡುವವನು ಒಬ್ಬ ಹುಡುಗ. ಒಂದು ವ್ಯತ್ಯಾಸವಿದೆ. ಅಂತ್ವಾನನ ಕಥೆಯಲ್ಲಿ ಏಟು ಬೀಳುವುದು ಹುಡುಗನಿಗೆ. ನಾಣಿಯ ಕಥೆಯಲ್ಲಿ ಏಟು ಬೀಳುವುದು ಅವನು ಪ್ರೀತಿಸಿದವಳಿಗೆ, ನೋಡುವುದಷ್ಟೇ ಹುಡುಗನ ಪಾಲಿಗೆ. ಮಕ್ಕಳು ಏನು ನೋಡುತ್ತಾರೆ, ಏನು ನೆನಪಿಟ್ಟುಕೊಳ್ಳುತ್ತಾರೆ ಎಂಬುದನ್ನು ತಿಳಿಯಬಯಸುವ ಶಿಕ್ಷಕ ಈ ಎರಡು ಚಿತ್ರಗಳನ್ನು ನೋಡಬೇಕು. ತರಬೇತಿ ಕಾಲೇಜಿನ ಮನಶ್ಶಾಸ್ತ್ರದ ಪುಸ್ತಕ ಇಷ್ಟು ಹತ್ತಿರ ಬರುವುದಿಲ್ಲ.

‘ದ್ವೀಪ’ದ ಮಾತು ಹೇಳಲೇಬೇಕು. ನಾ. ಡಿಸೋಜರ ಕಾದಂಬರಿ, ಸೌಂದರ್ಯ ಅವರೇ ನಿರ್ಮಿಸಿ ಅಭಿನಯಿಸಿದ ಚಿತ್ರ. ಅಣೆಕಟ್ಟಿನ ನೀರು ಏರುತ್ತಿರುವಾಗ ಬೆಟ್ಟದ ಮೇಲಿನ ಒಂದೇ ಒಂದು ಕುಟುಂಬ ಮನೆ ಬಿಡದೆ ಉಳಿಯುತ್ತದೆ. ಸೊಸೆ ನಾಗಿ ತನ್ನ ಧೈರ್ಯದಿಂದ ಮನೆಯನ್ನು ಉಳಿಸಿಕೊಳ್ಳುತ್ತಾಳೆ, ಗಂಡ ಅದೆಲ್ಲವನ್ನೂ ದೈವದ ಲೆಕ್ಕಕ್ಕೆ ಬರೆಯುತ್ತಾನೆ. ನೀರಿನಲ್ಲಿ ನೆಲ ಕಳೆದುಕೊಳ್ಳುವ ಸಂಕಟ ಮಲೆನಾಡಿನದು ಮಾತ್ರ ಎನ್ನುವಂತಿಲ್ಲ. ನಮ್ಮ ಜಿಲ್ಲೆಯಲ್ಲೇ ಕಾರಂಜಾ ಜಲಾಶಯಕ್ಕೆ ಹೊಲ ಕೊಟ್ಟ ರೈತರು ನ್ಯಾಯವಾದ ಪರಿಹಾರಕ್ಕಾಗಿ ಎಷ್ಟು ವರ್ಷ ಧರಣಿ ಕುಳಿತರೆಂಬುದು ನಿಮಗೆಲ್ಲ ಗೊತ್ತಿದೆ. ಆ ಮನೆಗಳ ಹೆಣ್ಣುಮಕ್ಕಳ ದುಡಿಮೆಯನ್ನು ಯಾವ ಪರಿಹಾರದ ಪಟ್ಟಿಯಲ್ಲಿ ಬರೆದಿದ್ದಾರೆ? ನಾಗಿಯ ಪ್ರಶ್ನೆ ಅಲ್ಲಿಯೂ ಇದೆ.

ಹೀಗೆಯೇ 2004ರ ‘ಹಸೀನಾ’. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿದ್ದು, ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಬಾನು ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ಲೋಕ ಗುರುತಿಸುವುದಕ್ಕೆ ಎರಡು ದಶಕ ಮೊದಲೇ ಕನ್ನಡದ ಒಬ್ಬ ನಿರ್ದೇಶಕ ಆ ಕಥೆಯ ಬೆಲೆ ಅರಿತಿದ್ದನೆಂಬುದನ್ನು ಆ ಸಂಭ್ರಮದಲ್ಲಿ ನೆನೆದವರು ಕಡಿಮೆ. ಅನಂತಮೂರ್ತಿ, ತೇಜಸ್ವಿ, ಭೈರಪ್ಪ, ವೈದೇಹಿ, ಕುಂ. ವೀರಭದ್ರಪ್ಪ, ಜಯಂತ ಕಾಯ್ಕಿಣಿ, ಹೀಗೆ ಒಬ್ಬರಿಗೊಬ್ಬರು ಹೊಂದದ ಲೇಖಕರನ್ನೆಲ್ಲ ಅವರು ಓದಿ ತೆರೆಗೆ ತಂದರು. ಕನ್ನಡ ಸಾಹಿತ್ಯವನ್ನು ಇಷ್ಟು ಶ್ರದ್ಧೆಯಿಂದ ಓದಿದ ಚಿತ್ರನಿರ್ದೇಶಕರು ವಿರಳ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ‘ಕನಸೆಂಬ ಕುದುರೆಯನೇರಿ’ 2010ರ ಹೊತ್ತಿಗೆ ತೆರೆಕಂಡ ಚಿತ್ರ. ರಾಯಚೂರು ಸೀಮೆಯ ಕಥೆಗಾರ ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯಿಂದ ಬಂದದ್ದು. ಊರ ಹೊರಗೆ ಗುಡಿಸಲಿನಲ್ಲಿರುವ ಈರ್ಯಾ ಕುಣಿ ತೋಡುವವನು. ಅವನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆಂದು ಅರ್ಥ. ಒಂದು ದಿನ ಸಿದ್ಧ ಬರುತ್ತಾನೆ, ಈರ್ಯಾ ಕುಣಿ ತೋಡಲು ಹೊರಡುತ್ತಾನೆ, ಆದರೆ ಊರಲ್ಲಿ ಯಾರೂ ಸತ್ತಿಲ್ಲವೆಂದು ಹೇಳುತ್ತಾರೆ. ವಾಸ್ತವವಾಗಿ ವಾಡೆಯೊಳಗೆ ಮುದಿ ಗೌಡ ಸತ್ತಿದ್ದಾನೆ, ವ್ಯವಹಾರದ ಕಾರಣಕ್ಕೆ ಸಾವನ್ನು ಮುಚ್ಚಿಟ್ಟಿದ್ದಾರೆ. ಒಂದೇ ಸಂಗತಿಯನ್ನು ಮೊದಲು ಗುಡಿಸಲಿನ ಕಡೆಯಿಂದ, ಆಮೇಲೆ ವಾಡೆಯ ಕಡೆಯಿಂದ ತೋರಿಸುತ್ತಾರೆ. ಬಡವನ ಕನಸು ಸುಳ್ಳಾಗಿರಲಿಲ್ಲ, ಉಳ್ಳವರು ಅದನ್ನು ಸುಳ್ಳು ಮಾಡಿದ್ದರು ಎಂಬುದು ನೋಡುವವನಿಗೆ ತಿಳಿಯುತ್ತದೆ, ಈರ್ಯಾನಿಗೆ ತಿಳಿಯುವುದಿಲ್ಲ.

ಈರ್ಯಾನ ಪಾತ್ರ ಮಾಡಿದವರು ವೈಜನಾಥ ಬಿರಾದಾರ. ನಮ್ಮ ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ತೇಗಂಪುರದವರು. ನೂರಾರು ಚಿತ್ರಗಳಲ್ಲಿ ನೀವು ಅವರನ್ನು ನೋಡಿದ್ದೀರಿ: ಕುಡುಕನಾಗಿ, ಭಿಕ್ಷುಕನಾಗಿ, ಎರಡು ನಿಮಿಷ ಬಂದು ನಗಿಸಿ ಹೋಗುವವನಾಗಿ. ಆ ನಗುವಿನಲ್ಲಿ ಪಾಲು ಯಾವುದರದು ಎಂದು ಯೋಚಿಸಿದ್ದೀರಾ? ಅವರ ನಟನೆಯದು ಸ್ವಲ್ಪ, ನಮ್ಮ ಮಾತಿನ ಧಾಟಿಯದು ಬಹಳ. ಕನ್ನಡ ಸಿನಿಮಾದಲ್ಲಿ ಬೀದರ, ಕಲಬುರಗಿ, ರಾಯಚೂರುಗಳ ಭಾಷೆ ಬಂದರೆ ಪ್ರೇಕ್ಷಕ ನಗಲು ಸಿದ್ಧನಾಗಬೇಕೆಂಬುದು ಬಹುಕಾಲ ನಡೆದುಬಂದ ರೂಢಿ. ನಾಯಕ ಹಳೇ ಮೈಸೂರಿನ ಕನ್ನಡದಲ್ಲಿ ಪ್ರೀತಿ, ಕೋಪ, ತ್ಯಾಗ ಎಲ್ಲವನ್ನೂ ಮಾತಾಡುತ್ತಾನೆ. ನಮ್ಮ ಮಾತು ಬಂದರೆ ಅಲ್ಲಿ ಹಾಸ್ಯ.

ಇದು ಸಿನಿಮಾದೊಳಗೇ ನಿಲ್ಲುವ ಸಂಗತಿಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನನ್ನ ಶಿಷ್ಯರಲ್ಲಿ ಬೆಂಗಳೂರಿಗೆ ಹೋದವರು ಎಷ್ಟೋ ಜನ ಆರು ತಿಂಗಳಲ್ಲಿ ಮಾತಿನ ಧಾಟಿ ಬದಲಿಸಿಕೊಂಡು ಬಂದರು. ನಾನು ತಪ್ಪೆನ್ನುವುದಿಲ್ಲ, ಹೊಟ್ಟೆಪಾಡು ಎಲ್ಲವನ್ನೂ ಕಲಿಸುತ್ತದೆ. ಆದರೆ ಊರಿಗೆ ಬಂದಾಗ ತಾಯಿಯ ಮಾತು ಕೇಳಿ ಸಂಕೋಚಪಡುವ ಹುಡುಗನನ್ನು ಕಂಡರೆ ಮನಸ್ಸಿಗೆ ನೋವಾಗುತ್ತದೆ. ಮರಾಠಿ, ದಖನಿ, ತೆಲುಗುಗಳ ನಡುವೆ, ನಿಜಾಮನ ಕಾಲದಲ್ಲಿ ಉರ್ದು ಶಾಲೆಗಳ ನಡುವೆ ಉಳಿದು ಬಂದ ಕನ್ನಡ ನಮ್ಮದು. ಅದಕ್ಕೆ ತಲೆತಗ್ಗಿಸುವ ಕಾರಣವೇನೂ ಇಲ್ಲ. ಕಾಸರವಳ್ಳಿಯವರು ಮಾಡಿದ ದೊಡ್ಡ ಕೆಲಸವೆಂದರೆ, ನಗಲಿಕ್ಕೆಂದು ಇಟ್ಟುಕೊಂಡಿದ್ದ ಮುಖವನ್ನು ಗಂಭೀರವಾಗಿ ನೋಡುವಂತೆ ಮಾಡಿದ್ದು. ಈರ್ಯಾನಿಗೆ ಒಂದು ಶ್ರದ್ಧೆಯಿದೆ, ಹೆಂಡತಿ ರುದ್ರಿಯೊಂದಿಗೆ ಒಂದು ಸಂಸಾರವಿದೆ, ತನ್ನ ಕಾಯಕದ ಬಗ್ಗೆ ಗೌರವವಿದೆ. ಆ ಪಾತ್ರಕ್ಕಾಗಿ 2011ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಬಿರಾದಾರರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದಿತು. ಸ್ಪೇನಿನವರಿಗೆ ಅವರ ಮಾತಿನ ಧಾಟಿ ತಿಳಿಯದು. ಆದ್ದರಿಂದ ನಗಬೇಕೆಂಬ ರೂಢಿಯೂ ಅವರಿಗಿರಲಿಲ್ಲ. ಅವರು ಮನುಷ್ಯನನ್ನಷ್ಟೇ ನೋಡಿದರು.

ಬಸವಕಲ್ಯಾಣದ ಮಣ್ಣಿನಲ್ಲಿ ನಿಂತು ಕಾಯಕದ ಮಾತು ಎತ್ತಿದ ಮೇಲೆ ಇನ್ನೊಂದು ಮಾತು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಮಾದಾರ, ಮಡಿವಾಳ, ಅಂಬಿಗ, ಹಡಪದ ಎಲ್ಲರೂ ಒಂದೇ ಕಡೆ ಕುಳಿತು ತಮ್ಮ ದುಡಿಮೆಯ ಮಾತಿನಲ್ಲೇ ಅನುಭವವನ್ನು ಹೇಳಿದರೆಂದು ನಾವು ಅಭಿಮಾನದಿಂದ ಹೇಳುತ್ತೇವೆ. ಕಸುಬಿನ ಮಾತು ಆಗ ಹಾಸ್ಯಕ್ಕಿರಲಿಲ್ಲ, ಅರಿವಿಗಿತ್ತು. ಕುಣಿ ತೋಡುವವನ ಅನುಭವಕ್ಕೆ ಎರಡು ಗಂಟೆ ಕೊಟ್ಟು ಕುಳಿತು ಕೇಳುವ ಚಿತ್ರ ಆ ಪರಂಪರೆಗೆ ಹತ್ತಿರದ್ದೋ, ಬಸವಣ್ಣನವರ ಹೆಸರಲ್ಲಿ ನಾವು ಮಾಡುವ ಮೆರವಣಿಗೆ ಹತ್ತಿರದ್ದೋ, ನೀವೇ ವಿಚಾರಿಸಿರಿ.

ಕಾಸರವಳ್ಳಿಯವರಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳಲಾರೆ. ಕೆಲವು ಚಿತ್ರಗಳಲ್ಲಿ ವಿಚಾರ ಮೊದಲೇ ನಿಶ್ಚಯವಾಗಿ, ಪಾತ್ರಗಳು ಆ ವಿಚಾರಕ್ಕೆ ಸಾಕ್ಷಿ ಹೇಳಲು ಬಂದವರಂತೆ ತೋರುತ್ತಾರೆ. ನಗೆ ತೀರ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯಲ್ಲೂ ಒಬ್ಬ ಚೇಷ್ಟೆ ಮಾಡುವವನಿರುತ್ತಾನೆ, ಅವರ ಹಳ್ಳಿಗಳಲ್ಲಿ ಅವನು ಅಪರೂಪ. ಹಾಡು ಕುಣಿತಗಳನ್ನು ಬಿಟ್ಟದ್ದು ಅವರ ನಿಲುವು, ಒಪ್ಪೋಣ. ಆದರೆ ಭಜನೆ, ಮೊಹರಂ ಪದ, ಬೀಸುಕಲ್ಲಿನ ಪದಗಳಿಲ್ಲದೆ ನಮ್ಮ ಕಡೆಯ ಬದುಕು ಪೂರ್ಣವಾಗುವುದಿಲ್ಲ. ಈ ಭಿನ್ನಾಭಿಪ್ರಾಯ ಹೇಳುವ ಹಕ್ಕು ನಮಗಿದೆ. ಆದರೆ ಅದನ್ನು ಚಿತ್ರ ನೋಡಿ ಹೇಳಬೇಕು, ನೋಡದೆ ಹೇಳಬಾರದು.

ನೋಡುವುದು ಹೇಗೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಈ ಚಿತ್ರಗಳು ಬೆಂಗಳೂರಿನ ಒಂದೆರಡು ಚಿತ್ರಮಂದಿರಗಳಲ್ಲಿ ಒಂದೆರಡು ವಾರ ನಡೆದು ಚಿತ್ರೋತ್ಸವಗಳಿಗೆ ಹೊರಟುಹೋದವು. ನಮ್ಮ ಗಡಿಭಾಗಕ್ಕೆ ಬಂದದ್ದು ಹಿಂದಿ, ಮರಾಠಿ, ತೆಲುಗು ಚಿತ್ರಗಳು. ದೊಡ್ಡ ಸಿನಿಮಾ ನೋಡಬೇಕೆಂದರೆ ನಮ್ಮವರು ಸೊಲ್ಲಾಪುರದ ಬಸ್ಸು ಹತ್ತುತ್ತಿದ್ದರು. ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳನ್ನು ದೂರದರ್ಶನ ಭಾನುವಾರ ಮಧ್ಯಾಹ್ನ ತೋರಿಸುತ್ತಿದ್ದ ಕಾಲವೊಂದಿತ್ತು. ಊರಿನ ಒಂದೇ ಟಿ.ವಿ.ಯ ಮುಂದೆ ಮಲಯಾಳ, ಬಂಗಾಳಿ ಚಿತ್ರಗಳನ್ನು ಭಾಷೆ ತಿಳಿಯದೆಯೂ ನೋಡುತ್ತಿದ್ದೆವು. ಖಾಸಗಿ ವಾಹಿನಿಗಳು ಬಂದ ಮೇಲೆ ಆ ಅಭ್ಯಾಸವೂ ಹೋಯಿತು. “ಜನ ಇಂಥವನ್ನು ನೋಡುವುದಿಲ್ಲ” ಎಂದು ಹಂಚಿಕೆದಾರರು ಹೇಳಿದರು, ನಾವು ನಂಬಿದೆವು. ಆದರೆ ಜನರ ಮುಂದೆ ಚಿತ್ರ ಇಟ್ಟು ಪರೀಕ್ಷಿಸಿದವರು ಯಾರು?

ಪರೀಕ್ಷಿಸಿದವರು ಒಬ್ಬರಿದ್ದರು. ಸುಬ್ಬಣ್ಣನವರು. 1949ರಲ್ಲಿ ಹುಟ್ಟಿದ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಸತ್ಯಜಿತ್ ರಾಯ್, ಕುರೊಸಾವಾ ಮೊದಲಾದವರ ಚಿತ್ರಗಳನ್ನು ಹೆಗ್ಗೋಡಿನ ಅಡಕೆ ಬೆಳೆಗಾರರಿಗೆ, ಕೂಲಿಕಾರರಿಗೆ ತೋರಿಸಿತು. ಎಂಬತ್ತರ ದಶಕದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯಲ್ಲಿ ರಾಜ್ಯದ ಬೇರೆ ಬೇರೆ ಊರುಗಳಿಗೂ ಇಂಥ ಚಿತ್ರಗಳನ್ನು ಒಯ್ದಿತು. ಹಳ್ಳಿಗರು ಕುಳಿತು ನೋಡಿದರು, ಚರ್ಚೆ ಮಾಡಿದರು. ಓದು ಬರಹ ಬಾರದವನಿಗೂ ಕಣ್ಣು ಕಿವಿ ಇವೆ, ಅನುಭವವಿದೆ. ಅಷ್ಟು ಸಾಕೆಂಬುದನ್ನು ಹೆಗ್ಗೋಡು ತೋರಿಸಿಕೊಟ್ಟಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದರ ಹಿಂದೆ ಈ ದುಡಿಮೆಯೂ ಇದೆ.

ಇಂದಿನ ಕಾಲದಲ್ಲಿ ನಮಗೆ ಸುಬ್ಬಣ್ಣನವರಷ್ಟು ಕಷ್ಟವಿಲ್ಲ. ಪ್ರೊಜೆಕ್ಟರ್ ಇರುವ ಪ್ರೌಢಶಾಲೆಗಳು ನಮ್ಮ ತಾಲ್ಲೂಕಿನಲ್ಲಿವೆ. ಗ್ರಂಥಾಲಯಗಳಿವೆ, ಮಠಗಳ ಸಭಾಭವನಗಳಿವೆ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಅಷ್ಟು ದೊಡ್ಡ ಕಟ್ಟಡದಲ್ಲಿ ತಿಂಗಳಿಗೊಂದು ಸಂಜೆ ಒಂದು ಒಳ್ಳೆಯ ಚಿತ್ರ ತೋರಿಸಿ, ನೋಡಿದವರು ಮಾತಾಡುವಂತೆ ಮಾಡಿದರೆ ಮಂಟಪದ ಹೆಸರಿಗೆ ಅರ್ಥ ಬಂದೀತು. ನನ್ನ ಶಿಷ್ಯರಲ್ಲಿ ಈಗ ಶಿಕ್ಷಕರಾದವರು ಬಹಳ ಮಂದಿ ಇದ್ದೀರಿ. ನಿಮಗೆ ನನ್ನ ಸಲಹೆ ಇಷ್ಟೇ: ಹತ್ತನೆಯ ತರಗತಿಯ ಮಕ್ಕಳಿಗೆ ವರ್ಷದಲ್ಲಿ ಒಂದು ಶನಿವಾರ, ಅನುಮತಿ ಪಡೆದು, ‘ತಬರನ ಕಥೆ’ಯನ್ನೋ ‘ಕನಸೆಂಬ ಕುದುರೆಯನೇರಿ’ಯನ್ನೋ ತೋರಿಸಿರಿ. ಮೊದಲು ಕಥೆ ಓದಿಸಿರಿ, ಆಮೇಲೆ ಚಿತ್ರ. ಪರೀಕ್ಷೆಯ ಪ್ರಶ್ನೆ ಮಾತ್ರ ಮಾಡಬೇಡಿರಿ. ಮಕ್ಕಳು ಮೊದಲ ಇಪ್ಪತ್ತು ನಿಮಿಷ ಗುಸುಗುಸು ಮಾಡುತ್ತಾರೆ, ಮಾಡಲಿ. ಬಿರಾದಾರರ ಮುಖ ಕಂಡೊಡನೆ ಅಭ್ಯಾಸಬಲದಿಂದ ನಗುತ್ತಾರೆ, ನಗಲಿ. ಆ ನಗು ಎಲ್ಲಿ ನಿಲ್ಲುತ್ತದೆಂಬುದನ್ನು ಮಾತ್ರ ಗಮನಿಸಿರಿ.

ಚಿತ್ರಗಳ ರಕ್ಷಣೆಯ ಪ್ರಶ್ನೆಯೂ ಇದೆ. ‘ಘಟಶ್ರಾದ್ಧ’ದ ಹಳೆಯ ಪ್ರತಿಯನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವಿದೇಶದ ಸಂಸ್ಥೆಗಳು ಸೇರಿ ಜೀರ್ಣೋದ್ಧಾರ ಮಾಡಿದವು, 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಅದು ಹೊಸದಾಗಿ ಪ್ರದರ್ಶನಗೊಂಡಿತು. ಸಂತೋಷದ ಸಂಗತಿ. ಆದರೆ ನಮ್ಮ ಮಲೆನಾಡಿನ ಯಮುನೆಯನ್ನು ವೆನಿಸ್ಸಿನವರು ಸ್ವಚ್ಛವಾಗಿ ನೋಡಿದರು, ಕಲ್ಯಾಣ ಕರ್ನಾಟಕದ ಒಂದು ಶಾಲೆಯಲ್ಲಿ ಅವಳನ್ನು ತೋರಿಸುವ ವ್ಯವಸ್ಥೆ ಇಲ್ಲವೆಂದರೆ ಅದು ನಾಚಿಕೆಯ ಮಾತಲ್ಲವೇ? ಸರಕಾರದ ಸಹಾಯಧನದಿಂದ ತಯಾರಾದ ಚಿತ್ರಗಳನ್ನಾದರೂ ಸರಕಾರಿ ಶಾಲೆ, ಗ್ರಂಥಾಲಯಗಳಿಗೆ ಉಚಿತವಾಗಿ ಒದಗಿಸುವ ನಿಯಮವನ್ನು ಚಲನಚಿತ್ರ ಅಕಾಡೆಮಿ ಮಾಡಬೇಕು. ಜನರ ತೆರಿಗೆಯ ಹಣದ ಒಂದು ಪಾಲು ಅದರಲ್ಲಿದೆ, ನೋಡುವ ಹಕ್ಕೂ ಜನರದೇ.

ಕೊನೆಯದಾಗಿ ಒಂದು ಮಾತು. ಬಿರಾದಾರರು 2023ರಲ್ಲಿ ‘90 ಬಿಡಿ ಮನೀಗ್ ನಡಿ’ ಎಂಬ ಚಿತ್ರದಲ್ಲಿ ಮುಖ್ಯ ಪಾತ್ರ ಮಾಡಿದರು, ಅದು ಅವರ ಐನೂರನೆಯ ಚಿತ್ರವೆಂದು ಸುದ್ದಿಯಾಯಿತು. ಐನೂರರಲ್ಲಿ ನಮಗೆ ನೆನಪಿರುವುದು ಅವರು ನಗಿಸಿದ ದೃಶ್ಯಗಳು. ನಗಿಸುವುದು ಸಣ್ಣ ಕೆಲಸವಲ್ಲ, ಅದಕ್ಕೂ ಗೌರವ ಸಲ್ಲಲಿ. ಆದರೆ ಮುಂದಿನ ಸಲ ಮನೆಮಂದಿಯೆಲ್ಲ ಕುಳಿತಾಗ ಈರ್ಯಾನನ್ನು ನೋಡಿರಿ. ಅವನು ಕುಣಿ ತೋಡಲು ಗುದ್ದಲಿ ಹಿಡಿದು ಹೊರಡುವಾಗ ಅವನ ನಡಿಗೆಯಲ್ಲಿರುವ ಗಾಂಭೀರ್ಯವನ್ನು ನೋಡಿರಿ. ಅವನು ಮಾತಾಡುವುದು ನಿಮ್ಮ ಅಜ್ಜ ಮಾತಾಡಿದ ಸೀಮೆಯ ಕನ್ನಡ. ಹಾಗೆ ನೋಡಿದ ಮೇಲೂ ಈ ಚಿತ್ರ ನಮ್ಮಂಥವರಿಗಲ್ಲ ಎಂದು ನಿಮಗೆ ಅನ್ನಿಸಿದರೆ, ಅದೇ ಮಾತನ್ನು ನಮ್ಮ ಭಾಷೆಯಲ್ಲೇ ನನಗೆ ತಿಳಿಸಿರಿ.